ಬೀಟಲ್ ಕಾರಿಗೆ ಎರಡು ಸಲ ಸೀಲ್ ಹಾಕಿಸಿದರೂ ಆಯಿಲ್ ಸೋರುತ್ತಿದೆ. ಫ್ಲೈವೀಲ್ ಜೋಡಿಸುವ ಸರಿಯಾದ ಕ್ರಮ ಯಾವುದು?

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯೋಕೆ ಕೂತೆ, ಯಾಕಂದ್ರೆ ಇದೇ ಜಾಗದಲ್ಲಿ ನಾನೂ ಎರಡು ವರ್ಷ ಸಿಕ್ಕಿಕೊಂಡಿದ್ದೆ. ನಿಮ್ಮ ತಂದೆ ಓಡಿಸುತ್ತಿದ್ದ 1969ರ ಬೀಟಲ್, 1500 ಎಂಜಿನ್. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿದೆ, ಕ್ಲಚ್ ಜಾರೋಕೆ ಶುರುವಾಗಿದೆ. ಗ್ಯಾರೇಜಿನಲ್ಲಿ ಎರಡು ಸಲ ಎಂಜಿನ್ ಇಳಿಸಿ ಹೊಸ ಸೀಲ್ (ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಹಾಕಿದ್ದಾರೆ, ಎರಡೂ ಸಲ ಕೆಲವೇ ನೂರು ಕಿಲೋಮೀಟರಿಗೆ ಮತ್ತೆ ಅದೇ ಕಥೆ. ಈಗ ನೀವೇ ಎಂಜಿನ್ ಇಳಿಸಿ ಕೂತಿದ್ದೀರಿ, ಮೂರನೇ ಸೀಲ್ ತರಿಸಬೇಕಾ ಅಂತ ಕೇಳಿದ್ದೀರಿ.

ಸೀಲ್ ತರಿಸಿ, ಆದರೆ ಸದ್ಯಕ್ಕೆ ಪೊಟ್ಟಣ ಬಿಚ್ಚಬೇಡಿ. ಈ ಎಂಜಿನ್‌ನಲ್ಲಿ ಸೀಲ್ ಹಾಕುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಕ್ರ್ಯಾಂಕ್, ಅಂದರೆ ಎಂಜಿನ್ ಒಳಗೆ ತಿರುಗುವ ಮುಖ್ಯ ಶಾಫ್ಟ್, ಹಿಂದೆ ಮುಂದೆ ಎಷ್ಟು ಆಡುತ್ತಿದೆ ಅಂತ ಅಳೆಯಬೇಕು. ಮೆಕ್ಯಾನಿಕ್‌ಗಳು ಎಂಡ್ ಪ್ಲೇ ಅನ್ನುವುದು ಇದಕ್ಕೇ. ಕ್ರ್ಯಾಂಕ್ ಜಾಸ್ತಿ ಆಡುತ್ತಿದ್ದರೆ ಸೀಲಿನ ತುಟಿ ಒಂದೇ ಜಾಗದಲ್ಲಿ ಕೂರುವುದಿಲ್ಲ, ಕ್ರ್ಯಾಂಕ್ ತುದಿಗೆ ಬಿಗಿದ ಭಾರದ ಚಕ್ರ, ಅಂದರೆ ಫ್ಲೈವೀಲ್, ಒಳಗೆ ಹೊರಗೆ ಹೋಗಿ ಬಂದು ಅದನ್ನು ಉಜ್ಜುತ್ತಾ ಇರುತ್ತದೆ. ಎಷ್ಟು ಒಳ್ಳೆ ಸೀಲ್ ಹಾಕಿದರೂ ಅದು ನಿಲ್ಲುವುದಿಲ್ಲ. ನಿಮಗೆ ಎರಡು ಸಲ ಆಗಿದ್ದು ಇದೇ ಇರಬೇಕು ಅಂತ ನನ್ನ ಅನುಮಾನ.

ಮೊದಲು ಒಂದು ಮಾತು ಖಚಿತ ಮಾಡಿಕೊಳ್ಳಿ. ಸೋರುತ್ತಿರುವುದು ಎಂಜಿನ್ ಆಯಿಲೇ ತಾನೇ? ಆ ಜಾಗಕ್ಕೆ ಗೇರ್‌ಬಾಕ್ಸಿನ ಶಾಫ್ಟ್ ಸೀಲ್ ಕೂಡ ಬರುತ್ತದೆ. ಬೆರಳಿಗೆ ಹಚ್ಚಿ ಮೂಸಿ ನೋಡಿ. ಗೇರ್ ಆಯಿಲಿಗೆ ಗಂಧಕದ ಕೆಟ್ಟ ವಾಸನೆ ಇರುತ್ತದೆ, ಮಂದವಾಗಿ ಅಂಟುತ್ತದೆ. ಎಂಜಿನ್ ಆಯಿಲ್ ತೆಳ್ಳಗೆ, ಕಪ್ಪಗೆ, ಸ್ವಲ್ಪ ಪೆಟ್ರೋಲ್ ವಾಸನೆ. ನನ್ನ ಗೆಳೆಯರೊಬ್ಬರು ಎಂಜಿನ್ ಸೀಲ್ ಮೂರು ಸಲ ಬದಲಿಸಿದ ಮೇಲೆ ಗೊತ್ತಾಗಿದ್ದು, ಸೋರುತ್ತಿದ್ದದ್ದು ಗೇರ್‌ಬಾಕ್ಸ್ ಕಡೆಯದ್ದು ಅಂತ. ಇನ್ನೊಂದು ಜಾಗವೂ ಇದೆ. ಫ್ಲೈವೀಲ್ ತೆಗೆದ ಮೇಲೆ ಅದರ ಹಿಂದೆ ಕ್ಯಾಮ್‌ಶಾಫ್ಟ್ ತುದಿ ಮುಚ್ಚುವ ಬಟ್ಟಲಿನಂಥ ಪ್ಲಗ್ ಕಾಣುತ್ತದೆ. ಅದರ ಸುತ್ತ ಹಸಿಯಾಗಿದ್ದರೆ ಸೀಲಿನ ತಪ್ಪಲ್ಲ. ಆ ಪ್ಲಗ್ ಸರಿಯಾಗಿ ಬದಲಿಸಬೇಕಾದರೆ ಎಂಜಿನ್ ಕೇಸ್ ಎರಡು ಹೋಳು ಮಾಡಲೇಬೇಕು. ಹಾಗಾಗಿ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಯುವ ಮೊದಲು ಟಾರ್ಚ್ ಹಿಡಿದು ನೋಡಿ, ಆಯಿಲ್ ಎಲ್ಲಿಂದ ಇಳಿದು ಬಂದಿದೆ ಅನ್ನುವ ಗೆರೆ ಹುಡುಕಿ. ತೊಳೆದು ಬಿಟ್ಟರೆ ಆ ಸಾಕ್ಷಿ ಹೋಗುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ನನ್ನ ಕಥೆ ಸ್ವಲ್ಪ ಹೇಳುತ್ತೇನೆ. ನನ್ನದು 1968ರದ್ದು, ಮೈಸೂರಿನಲ್ಲಿ ಮನೆ ಪಕ್ಕದ ಶೆಡ್ಡಿನಲ್ಲಿ ನಿಲ್ಲುತ್ತದೆ. ಮೊದಲ ಸಲ ಸೀಲ್ ಬದಲಿಸಿದಾಗ ಫ್ಲೈವೀಲ್ ತೆಗೆದೆ, ಹಳೆ ಸೀಲ್ ಕಿತ್ತೆ, ಹೊಸದು ಹಾಕಿದೆ, ಇದ್ದ ಶಿಮ್‌ಗಳನ್ನೇ (ಈ ಆಟ ಹೊಂದಿಸುವ ತೆಳ್ಳನೆಯ ಬಿಲ್ಲೆಗಳು) ವಾಪಸ್ ಇಟ್ಟೆ. ಮುನ್ನೂರು ಕಿಲೋಮೀಟರಿಗೆ ಮತ್ತೆ ಸೋರಿತು. ಆಮೇಲೆ ಒಂದು ದಿನ ಎಂಜಿನ್ ಆರಿಸಿ, ಹಿಂದಿನ ಡಿಕ್ಕಿ ತೆಗೆದು, ಫ್ಯಾನ್ ಬೆಲ್ಟಿನ ಕೆಳಗಿನ ದೊಡ್ಡ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಎಳೆದು ಆಚೆ ತಳ್ಳಿದೆ. ಟಕ್, ಟಕ್. ಕಣ್ಣಿಗೇ ಕಾಣುವಷ್ಟು ಆಡುತ್ತಿತ್ತು. ಆಮೇಲೆ ಗೇಜಿನಲ್ಲಿ ಅಳೆದಾಗ 0.40 ಮಿ.ಮೀ. ಬಂತು. ಇರಬೇಕಾದದ್ದು 0.07ರಿಂದ 0.13 ಮಿ.ಮೀ., 0.15 ದಾಟಿದರೆ ಸರಿ ಮಾಡಲೇಬೇಕು. ಅಂದರೆ ನನ್ನ ಗಾಡಿಯ ಕ್ರ್ಯಾಂಕ್ ಇರಬೇಕಾದದ್ದಕ್ಕಿಂತ ಮೂರು ನಾಲ್ಕು ಪಟ್ಟು ಜಾಸ್ತಿ ಓಡಾಡುತ್ತಿತ್ತು. ಆ ಸೀಲ್ ಮುನ್ನೂರು ಕಿಲೋಮೀಟರ್ ತಡೆದದ್ದೇ ದೊಡ್ಡದು.

ಈ ಆಟ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಮುಂದಿನ ಕೆಲಸ ಸುಲಭ. ಪ್ರತಿ ಸಲ ನೀವು ಕ್ಲಚ್ ಪೆಡಲ್ ಒತ್ತಿದಾಗ ಆ ಒತ್ತಡ ಪ್ರೆಷರ್ ಪ್ಲೇಟ್ ಮೂಲಕ ಫ್ಲೈವೀಲಿಗೆ, ಅಲ್ಲಿಂದ ಕ್ರ್ಯಾಂಕಿಗೆ ಹೋಗುತ್ತದೆ. ಅದನ್ನು ತಡೆದುಕೊಳ್ಳುವುದು ಫ್ಲೈವೀಲ್ ಪಕ್ಕದ ಒಂದನೇ ನಂಬರ್ ಬೇರಿಂಗಿನ ಅಂಚು. ಆ ಬೇರಿಂಗ್ ಅಂಚಿಗೂ ಫ್ಲೈವೀಲಿಗೂ ನಡುವೆ ತೆಳ್ಳನೆಯ ಮೂರು ಉಕ್ಕಿನ ಬಿಲ್ಲೆಗಳು ಇರುತ್ತವೆ. ಅವೇ ಶಿಮ್‌ಗಳು. ಸವೆದಂತೆ ಜಾಗ ಜಾಸ್ತಿಯಾಗುತ್ತದೆ, ದಪ್ಪ ಶಿಮ್ ಹಾಕಿ ಆ ಜಾಗ ಕಡಿಮೆ ಮಾಡಬೇಕು. ಟ್ರಾಫಿಕ್ಕಿನಲ್ಲಿ ಕ್ಲಚ್ ಮೇಲೇ ಕಾಲಿಟ್ಟು ಓಡಿಸುವವರ ಗಾಡಿಯಲ್ಲಿ ಇದು ಬೇಗ ಸವೆಯುತ್ತದೆ.

ಅಳೆಯುವ ಮೊದಲು ಇನ್ನೊಂದು ಪರೀಕ್ಷೆ ಇದೆ, ಇದನ್ನು ದಯವಿಟ್ಟು ಬಿಡಬೇಡಿ. ಫ್ಲೈವೀಲ್ ಬಿಗಿಯಾಗಿ ಕೂತಿರುವಾಗ ಅದನ್ನು ಮೇಲಕ್ಕೆ ಎತ್ತಿ ಕೆಳಕ್ಕೆ ಒತ್ತಿ. ಹಿಂದೆ ಮುಂದೆ ಅಲ್ಲ, ಮೇಲೆ ಕೆಳಗೆ. ಕೈಗೆ ತಿಳಿಯುವಷ್ಟು ಆಡಿದರೆ ಒಂದನೇ ಬೇರಿಂಗ್ ಕೇಸಿನಲ್ಲೇ ಸಡಿಲವಾಗಿದೆ ಅಂತ ಅರ್ಥ. ಈ ಎಂಜಿನ್ ಕೇಸ್ ಮೆಗ್ನೀಸಿಯಮ್ ಮಿಶ್ರಲೋಹದ್ದು, ಹಗುರ, ಮೆತ್ತಗೆ. ಕ್ರ್ಯಾಂಕ್ ವರ್ಷಗಟ್ಟಲೆ ಕುಟ್ಟಿದರೆ ಬೇರಿಂಗ್ ಕೂರುವ ಗುಳಿ ಅಗಲವಾಗುತ್ತದೆ. ಆಗ ಶಿಮ್, ಸೀಲ್ ಯಾವುದೂ ಪ್ರಯೋಜನ ಇಲ್ಲ. ಕೇಸ್ ಬಿಚ್ಚಿ, ಲೈನ್ ಬೋರಿಂಗ್ ಮಾಡಿಸಿ (ಬೇರಿಂಗ್ ಕೂರುವ ಗುಳಿಗಳನ್ನು ಒಂದೇ ಸಾಲಿಗೆ ಮತ್ತೆ ಕೊರೆಸಿ), ದಪ್ಪ ಬೇರಿಂಗ್ ಹಾಕಬೇಕು. ಬೇಜಾರಿನ ವಿಷಯ, ಆದರೆ ಈಗಲೇ ತಿಳಿದರೆ ಇನ್ನೊಂದು ಸಲ ಎಂಜಿನ್ ಇಳಿಸುವುದು ತಪ್ಪುತ್ತದೆ.

ಮೇಲೆ ಕೆಳಗೆ ಆಡುತ್ತಿಲ್ಲ ಅಂದ್ರೆ ಫ್ಲೈವೀಲ್ ಬಿಚ್ಚಿ. ಬಿಚ್ಚುವ ಮೊದಲು ಕ್ರ್ಯಾಂಕ್ ತುದಿಗೂ ಫ್ಲೈವೀಲಿಗೂ ಬಣ್ಣದಲ್ಲಿ ಒಂದು ಗುರುತು ಹಾಕಿ, ಇದ್ದ ಹಾಗೇ ವಾಪಸ್ ಕೂರಿಸೋಕೆ. ನಡುವೆ ಇರುವ ಗ್ಲ್ಯಾಂಡ್ ನಟ್ಟಿಗೆ 36 ಮಿ.ಮೀ. ಸಾಕೆಟ್ ಬೇಕು, ಮುಕ್ಕಾಲು ಇಂಚಿನ ಹ್ಯಾಂಡಲ್ ಇರುವಂಥದ್ದು. ಅರ್ಧ ಇಂಚಿನದ್ದು ಹಾಕಿದರೆ ಮುರಿಯುತ್ತದೆ. ಹೊರಗೆ ಬಂದ ಮೇಲೆ ಕ್ರ್ಯಾಂಕ್ ತುದಿಯ ನಾಲ್ಕು ಡೋವೆಲ್ ಪಿನ್‌ಗಳನ್ನೂ ಫ್ಲೈವೀಲಿನ ನಾಲ್ಕು ತೂತುಗಳನ್ನೂ ನೋಡಿ. ಪಿನ್ ಬಿಗಿಯಾಗಿ ಹೋಗಬೇಕು. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಆ ಫ್ಲೈವೀಲ್ ಹಿಂದೆ ಯಾವಾಗಲೋ ಸಡಿಲವಾಗಿ ಓಡಿದೆ. ಅದನ್ನು ಮತ್ತೆ ಹಾಕಬೇಡಿ. ಒಳ್ಳೆ ಫ್ಲೈವೀಲ್ ಹುಡುಕಿ, ಇಲ್ಲವೇ ಈ ಕೆಲಸ ಗೊತ್ತಿರುವ ಲೇತ್‌ನವರ ಹತ್ತಿರ ಕ್ರ್ಯಾಂಕಿಗೂ ಫ್ಲೈವೀಲಿಗೂ ಸೇರಿಸಿ ಎಂಟು ಪಿನ್‌ಗೆ ತೂತು ಹಾಕಿಸಿ.

ಹಾಗೇ ಫ್ಲೈವೀಲಿನ ಹಿಂಭಾಗದಲ್ಲಿ ಸೀಲ್ ಉಜ್ಜುವ ನುಣುಪು ಜಾಗ ಇದೆ. ಅದರ ಮೇಲೆ ಉಗುರು ಅಡ್ಡಕ್ಕೆ ಎಳೆಯಿರಿ. ಸುಮ್ನೆ ಹೊಳೆಯುವ ಗೆರೆ ಇದ್ದರೆ ತೊಂದರೆ ಇಲ್ಲ, ಉಗುರು ಸಿಕ್ಕಿಕೊಳ್ಳುವ ಹಾಗಿದ್ದರೆ ಹಳೆ ಸೀಲ್ ಅಲ್ಲಿ ಕಾಲುವೆ ತೋಡಿದೆ. ಸಣ್ಣದಿದ್ದರೆ 400 ನಂಬರ್ ಎಮರಿ ಪೇಪರಿಗೆ ಆಯಿಲ್ ಹಚ್ಚಿ ಸುತ್ತಲೂ ತಿರುಗಿಸಿ ಉಜ್ಜಿ. ಉದ್ದಕ್ಕೆ ಉಜ್ಜಬಾರದು, ಹಾಗೆ ಬಿದ್ದ ಗೀರೇ ಆಯಿಲಿಗೆ ದಾರಿಯಾಗುತ್ತದೆ.

ಈಗ ಅಳತೆ. ಎಂಜಿನ್ ತಣ್ಣಗಿರಬೇಕು. ಸೀಲ್ ಹಾಕಿರಬಾರದು, ಫ್ಲೈವೀಲಿನ ಒಳಗಿನ ಓ-ರಿಂಗನ್ನೂ ಹಾಕಿರಬಾರದು. ಇವೆರಡು ಇದ್ದರೆ ಹಿಡಿದುಕೊಂಡು ತಪ್ಪು ಲೆಕ್ಕ ಕೊಡುತ್ತವೆ. ಶಿಮ್‌ಗಳನ್ನು ತೊಳೆದು, ಒಂದೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆಯಿರಿ. ಅವು 0.24, 0.30, 0.32, 0.34, 0.36, 0.38 ಮಿ.ಮೀ. ದಪ್ಪದಲ್ಲಿ ಸಿಗುತ್ತವೆ. ಶಿಮ್ ಮೈಮೇಲೆ ಬರೆದಿರುವ ಅಂಕಿ ನಂಬಬೇಡಿ, ನಿಮ್ಮ ಅಳತೆ ನಂಬಿ. ಗೀರು ಬಿದ್ದಿರುವ, ಬಿಸಿಗೆ ನೀಲಿಯಾಗಿರುವ ಶಿಮ್ ಬಿಸಾಕಿ.

ಮೂರರಲ್ಲಿ ಎರಡನ್ನು ಮಾತ್ರ ಹಾಕಿ ಫ್ಲೈವೀಲ್ ಕೂರಿಸಿ, ಗ್ಲ್ಯಾಂಡ್ ನಟ್ ಬಿಗಿ ಮಾಡಿ. ಡಯಲ್ ಗೇಜನ್ನು ಎಂಜಿನ್ ಕೇಸಿಗೆ ಭದ್ರವಾಗಿ ಹಿಡಿಸಿ. ಈ ಕೇಸಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಗೇರ್‌ಬಾಕ್ಸ್ ಕೂರುವ ಬೋಲ್ಟ್ ತೂತಿಗೆ ಒಂದು ಕಬ್ಬಿಣದ ಪಟ್ಟಿ ಕಟ್ಟಿ ಅದರ ಮೇಲೆ ನಿಲ್ಲಿಸಬೇಕು. ಗೇಜಿನ ಕಡ್ಡಿ ಫ್ಲೈವೀಲ್ ಮುಖಕ್ಕೆ ನೇರವಾಗಿ ತಾಗಲಿ. ಕ್ಲಚ್ಚಿನ ಎರಡು ಬೋಲ್ಟ್ ಫ್ಲೈವೀಲಿಗೆ ಅರ್ಧ ತಿರುಗಿಸಿಟ್ಟುಕೊಂಡರೆ ಹಿಡಿಯೋಕೆ ಒಳ್ಳೆ ಹಿಡಿಕೆ ಆಗುತ್ತದೆ. ಜೋರಾಗಿ ಒಳಗೆ ತಳ್ಳಿ, ಗೇಜ್ ಸೊನ್ನೆಗೆ ತನ್ನಿ, ಹೊರಗೆ ಎಳೆಯಿರಿ, ಓದಿ. ಕ್ರ್ಯಾಂಕ್ ಸ್ವಲ್ಪ ತಿರುಗಿಸಿ ಮತ್ತೆ ಮಾಡಿ. ಮೂರು ಸಲವೂ ಒಂದೇ ಅಂಕಿ ಬರುವ ತನಕ ನಾನು ಮುಂದೆ ಹೋಗುವುದಿಲ್ಲ.

ಲೆಕ್ಕ ಸುಲಭ. ಬಂದ ಅಂಕಿಯಲ್ಲಿ 0.10 ಕಳೆಯಿರಿ. ಉಳಿದದ್ದು ಮೂರನೇ ಶಿಮ್ಮಿನ ದಪ್ಪ. ನನಗೆ ಹಳೆಯದಕ್ಕಿಂತ ದಪ್ಪನೆಯ ಎರಡು ಶಿಮ್ ಹಾಕಿದಾಗ 0.42 ಬಂದಿತ್ತು. 0.10 ಕಳೆದರೆ 0.32, ಆ ಶಿಮ್ ಸಿಕ್ಕಿತು. ಸರಿಯಾದ ದಪ್ಪ ಸಿಗದಿದ್ದರೆ ಮೊದಲ ಎರಡರಲ್ಲಿ ಒಂದನ್ನು ಬದಲಿಸಿ ಹೊಂದಿಸಿಕೊಳ್ಳಿ. ಆದರೆ ಕೊನೆಗೆ ಒಳಗೆ ಇರಬೇಕಾದದ್ದು ಮೂರೇ. ಎರಡೂ ಅಲ್ಲ, ನಾಲ್ಕೂ ಅಲ್ಲ. ಮೂರು ಒಂದರ ಮೇಲೊಂದು ಜಾರಿಕೊಂಡು ತಿರುಗುವುದರಿಂದಲೇ ಬಿಸಿ ಕಡಿಮೆ, ಸವೆತ ಕಡಿಮೆ. ಮೂರನ್ನೂ ಹಾಕಿದ ಮೇಲೆ ಮತ್ತೆ ಒಂದು ಸಲ ಅಳೆಯಿರಿ. 0.07ರಿಂದ 0.13ರ ಒಳಗೆ ಬಂದರೆ ಫ್ಲೈವೀಲ್ ಬಿಚ್ಚಿ, ಈಗ ಸೀಲಿನ ಪೊಟ್ಟಣ ಒಡೆಯಬಹುದು.

ಸೀಲ್ ಕೂರುವ ಗುಳಿಯನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಗುಳಿಯ ಹೊರ ಅಂಚಿನಲ್ಲಿ ಇಳಿಜಾರು ಇದೆ. ಹಳೆ ಸೀಲನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆದವರು ಅಲ್ಲಿ ಚೂಪು ಏಳಿಸಿರುತ್ತಾರೆ. ಚಾಕುವಿನಿಂದ ಹಗುರವಾಗಿ ಹೆರೆದು ತೆಗೆಯಿರಿ, ಇಲ್ಲದಿದ್ದರೆ ಹೊಸ ಸೀಲಿನ ಹೊರಮೈ ಸಿಗಿದುಹೋಗುತ್ತದೆ. ಶಿಮ್‌ಗಳಿಗೆ ಎರಡೂ ಕಡೆ ಆಯಿಲ್ ಹಚ್ಚಿ ಮೊದಲು ಅವನ್ನು ಒಳಗೆ ಇಡಿ. ಸೀಲ್ ಹಾಕಿದ ಮೇಲೆ ಶಿಮ್ ನೆನಪಾದರೆ ಸೀಲ್ ಹಾಳಾದ ಹಾಗೇ. ಸೀಲಿನ ಸ್ಪ್ರಿಂಗ್ ಇರುವ ಮುಖ ಎಂಜಿನ್ ಒಳಗೆ ನೋಡಬೇಕು. ಹೊರಮೈಗೆ ತೆಳ್ಳಗೆ ಸೀಲೆಂಟ್ ಸವರಿ, ಜಾಸ್ತಿ ಬೇಡ.

ಇನ್ನು ಕೂರಿಸುವುದು. ಇಲ್ಲಿ ಅವಸರ ಮಾಡಿ ಸುತ್ತಿಗೆ ಎತ್ತಿದವರೇ ಜಾಸ್ತಿ. ಸೀಲ್ ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಏಳುತ್ತದೆ, ಏಳುವ ಕಡೆ ಹೊಡೆದರೆ ಇತ್ತ ಏಳುತ್ತದೆ. ನಾನು ಹಳೆ ಸೀಲನ್ನೇ ಹೊಸದರ ಮೇಲೆ ಇಟ್ಟು, ಅದರ ಮೇಲೆ ದಪ್ಪ ಮರದ ಹಲಗೆ ಇಟ್ಟು, ಸುತ್ತಲೂ ಸ್ವಲ್ಪ ಸ್ವಲ್ಪ ತಟ್ಟುತ್ತಾ ಹೋಗುತ್ತೇನೆ. ಹನ್ನೆರಡು ಗಂಟೆ, ಆರು ಗಂಟೆ, ಮೂರು, ಒಂಬತ್ತು, ಹೀಗೆ ಎದುರು ಬದುರು. ತಳ ಮುಟ್ಟಿದಾಗ ಸದ್ದು ಬದಲಾಗುತ್ತದೆ. ಮೆತ್ತನೆಯ ಧಪ್ ಹೋಗಿ ಗಟ್ಟಿ ಟಣ್ ಬರುತ್ತದೆ. ಬೆರಳಿನಿಂದ ಸುತ್ತ ಸವರಿ ನೋಡಿ. ಎಲ್ಲೂ ಉಬ್ಬಿರಬಾರದು, ಸೀಲಿನ ಮುಖ ಗುಳಿಯ ಇಳಿಜಾರಿಗಿಂತ ಒಳಗೇ ಇರಬೇಕು. ಹೊರಗೆ ಉಳಿದರೆ ಫ್ಲೈವೀಲ್ ಅದಕ್ಕೆ ತಾಗಿ ಸುಡುತ್ತದೆ.

ಓ-ರಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು. ಫ್ಲೈವೀಲ್ ಒಳಗೆ, ಕ್ರ್ಯಾಂಕ್ ತುದಿ ಕೂರುವ ಬಟ್ಟಲಲ್ಲಿ, ಸಣ್ಣ ಕಾಲುವೆಯಂಥ ಗ್ರೂವ್ ಇದೆ. ಅದರಲ್ಲಿ ಈ ಓ-ರಿಂಗ್ ಕೂರುತ್ತದೆ. ದೊಡ್ಡ ಸೀಲಿನ ಮೇಲೆ ಎಲ್ಲರ ಕಣ್ಣು, ಇದು ಮರೆತೇ ಹೋಗುತ್ತದೆ. ಇದಿಲ್ಲದಿದ್ದರೆ ಆಯಿಲ್ ಕ್ರ್ಯಾಂಕಿಗೂ ಫ್ಲೈವೀಲಿಗೂ ನಡುವಿನಿಂದ ನುಸುಳಿ ಸೀದಾ ಕ್ಲಚ್ ಪ್ಲೇಟಿಗೆ ಬರುತ್ತದೆ, ಸೀಲ್ ಎಷ್ಟೇ ಚೆನ್ನಾಗಿರಲಿ. ನನ್ನ ಎರಡನೇ ಪ್ರಯತ್ನ ಹಾಳಾಗಿದ್ದು ಇಲ್ಲೇ. ಸೀಲಿನ ಜೊತೆ ಬಂದ ಓ-ರಿಂಗ್ ಕಳೆದುಹೋಗಿತ್ತು. ಒಂದು ಅಂಗಡಿಯಲ್ಲಿ ಹೆಚ್ಚು ಕಡಿಮೆ ಅದೇ ಸೈಜಿನದ್ದು ಕೊಟ್ಟರು. ಕೈಯಲ್ಲಿ ಹಿಡಿದರೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಮತ್ತೆ ಸೋರಿದಾಗ ಫ್ಲೈವೀಲ್ ಬಿಚ್ಚಿ ನೋಡಿದೆ. ಕ್ರ್ಯಾಂಕ್ ಅಂಚಿನಲ್ಲಿ ತೆಂಗಿನಕಾಯಿ ತುರಿಯ ಹಾಗೆ ಸುರುಳಿ ಸುತ್ತಿದ ಕಪ್ಪು ರಬ್ಬರ್ ಎಳೆ ಕೂತಿತ್ತು. ಕೂದಲೆಳೆಯಷ್ಟು ಹೆಚ್ಚು ದಪ್ಪ ಇದ್ದ ಆ ರಿಂಗನ್ನು ಕ್ರ್ಯಾಂಕ್ ಅಂಚು ಹೆರೆದು ಹಾಕಿತ್ತು. ಹಾಗಾಗಿ ಈ ಎಂಜಿನ್ನಿಗೇ ಅಂತ ಬರುವ ಓ-ರಿಂಗನ್ನೇ ತರಿಸಿ, ಆಯಿಲ್ ಸವರಿ ಬೆರಳಿನಲ್ಲಿ ಸುತ್ತಲೂ ಒತ್ತಿ ಕೂರಿಸಿ. ಇನ್ನೂ ಹಳೆಯ ಎಂಜಿನ್‌ಗಳಲ್ಲಿ ಓ-ರಿಂಗ್ ಬದಲು ತೆಳ್ಳನೆಯ ಗ್ಯಾಸ್ಕೆಟ್ ಬರುತ್ತಿತ್ತು. ಕೆಲವು ಪೊಟ್ಟಣಗಳಲ್ಲಿ ಎರಡೂ ಇರುತ್ತವೆ. ನಿಮ್ಮ ಫ್ಲೈವೀಲಿನಲ್ಲಿ ಓ-ರಿಂಗಿನ ಗ್ರೂವ್ ಇದ್ದರೆ ಗ್ಯಾಸ್ಕೆಟ್ ಹಾಕಬೇಡಿ. ಹಾಕಿದರೆ ನೀವು ಕಷ್ಟಪಟ್ಟು ಹೊಂದಿಸಿದ ಎಂಡ್ ಪ್ಲೇ ಗ್ಯಾಸ್ಕೆಟ್ಟಿನ ದಪ್ಪದಷ್ಟು ಬದಲಾಗುತ್ತದೆ.

ಸೀಲಿನ ತುಟಿಗೂ ಫ್ಲೈವೀಲಿನ ನುಣುಪು ಜಾಗಕ್ಕೂ ಆಯಿಲ್ ಸವರಿ, ಗುರುತು ನೋಡಿ, ಫ್ಲೈವೀಲನ್ನು ನೇರವಾಗಿ ಪಿನ್‌ಗಳ ಮೇಲೆ ಕೂರಿಸಿ. ಭಾರದ ಸಾಮಾನು, ಇನ್ನೊಬ್ಬರನ್ನು ಕರೆಯಿರಿ. ಓರೆಯಾಗಿ ನೇತಾಡಿದರೆ ಸೀಲಿನ ತುಟಿ ಮಡಚಿಕೊಳ್ಳುತ್ತದೆ.

ಗ್ಲ್ಯಾಂಡ್ ನಟ್ಟಿನ ಟಾರ್ಕ್ (ಬಿಗಿ ಮಾಡುವಾಗ ತಿರುಗಿಸುವ ಬಲ) 35 ಕೆಜಿ-ಮೀಟರ್, ಅಂದರೆ 253 ಅಡಿ-ಪೌಂಡ್. ಅಷ್ಟು ದೊಡ್ಡ ಟಾರ್ಕ್ ರೆಂಚ್ ನಿಮ್ಮ ಹತ್ತಿರ ಇಲ್ಲ ಅಂದಿದ್ದೀರಿ. ತೊಂದರೆ ಇಲ್ಲ, ನಿಮ್ಮ ತೂಕವೇ ಸಾಕು. 70 ಕೆಜಿ ಇರುವವರು ನಟ್ಟಿನ ನಡುವಿನಿಂದ 50 ಸೆಂ.ಮೀ. ದೂರದಲ್ಲಿ ಹ್ಯಾಂಡಲ್ ಮೇಲೆ ಪೂರ್ತಿ ಭಾರ ಬಿಟ್ಟರೆ ಸರಿಯಾಗಿ 35 ಕೆಜಿ-ಮೀಟರ್. 60 ಕೆಜಿ ಇದ್ದರೆ 58 ಸೆಂ.ಮೀ. ಸಾಕೆಟ್ ಹ್ಯಾಂಡಲಿಗೆ ಗಟ್ಟಿ ಪೈಪ್ ತೂರಿಸಿ, ಆ ದೂರಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಪೈಪ್ ನೆಲಕ್ಕೆ ಸಮಾನವಾಗಿ ಅಡ್ಡ ಇರಬೇಕು, ನೀವು ನಿಧಾನವಾಗಿ ಭಾರ ಬಿಡಬೇಕು, ಕುಪ್ಪಳಿಸಬಾರದು. ಫ್ಲೈವೀಲ್ ತಿರುಗದಂತೆ ಹಿಡಿಯಲು ಉದ್ದನೆಯ ಆಂಗಲ್ ಪಟ್ಟಿಗೆ ಎರಡು ತೂತು ಕೊರೆದು ಕ್ಲಚ್ ಬೋಲ್ಟಿನ ಜಾಗಕ್ಕೆ ಬಿಗಿ ಮಾಡಿ, ಇನ್ನೊಂದು ತುದಿ ಬಲಗಡೆ ನೆಲಕ್ಕೆ ತಾಗುವಂತೆ ಇಡಿ. ಹಲ್ಲಿನ ನಡುವೆ ಸ್ಕ್ರೂಡ್ರೈವರ್ ಸಿಗಿಸಬೇಡಿ, ಹಲ್ಲು ಮುರಿಯುತ್ತದೆ. ಏರ್ ಗನ್ನಿನಲ್ಲಿ ಟರ್ ಅನಿಸಿ ಬಿಡುವುದನ್ನೂ ನಾನು ಒಪ್ಪುವುದಿಲ್ಲ. ಎಷ್ಟು ಬಿಗಿಯಾಯಿತು ಅಂತ ಅದು ಹೇಳುವುದಿಲ್ಲ. ಈ ಒಂದೇ ನಟ್ಟಿನ ಮೇಲೆ ಇಡೀ ಫ್ಲೈವೀಲ್ ನಿಂತಿದೆ. ಸಡಿಲವಾದರೆ ಪಿನ್‌ಗಳು ಕತ್ತರಿಸಿ, ಕ್ರ್ಯಾಂಕೂ ಹಾಳು.

ನಟ್ಟಿನ ಒಳಗೆ ಸಣ್ಣ ಸೂಜಿ ಬೇರಿಂಗ್ ಇದೆ, ಗೇರ್‌ಬಾಕ್ಸ್ ಶಾಫ್ಟಿನ ತುದಿ ಅದರಲ್ಲಿ ಕೂರುತ್ತದೆ. ಅದಕ್ಕೆ ಕಡಲೆಕಾಳಿನಷ್ಟು ಗ್ರೀಸ್ ಸಾಕು. ತುಂಬಿಸಿದರೆ ಬಿಸಿಗೆ ಕರಗಿ ಕ್ಲಚ್ ಪ್ಲೇಟಿಗೆ ಹಾರುತ್ತದೆ, ನೀವು ಮತ್ತೆ ಸೀಲನ್ನೇ ಬೈಯುತ್ತೀರಿ. ಆಯಿಲ್ ಕುಡಿದ ಹಳೆ ಕ್ಲಚ್ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಬೇಡಿ, ಬಿಸಿಯಾದ ಕೂಡಲೇ ಒಳಗಿನ ಆಯಿಲ್ ಮೇಲೆ ಬರುತ್ತದೆ. ಹೊಸದು ತನ್ನಿ. ಎಂಜಿನ್ ವಾಪಸ್ ಏರಿಸುವಾಗ ಅದರ ಭಾರ ಶಾಫ್ಟಿನ ಮೇಲೆ ನೇತಾಡದಂತೆ ಜ್ಯಾಕ್ ಸರಿಯಾಗಿ ಹಿಡಿಯಿರಿ. ಉಳಿದದ್ದು ನೀವು ಬಿಚ್ಚಿದ ಹಾಗೇ.

2.5 ಲೀಟರ್ ಆಯಿಲ್ ಹಾಕಿ, ಎಂಜಿನ್ ಬಿಸಿಯಾಗುವ ತನಕ ಓಡಿಸಿ, ಆಯಿಲ್ ತುಂಬುವ ಮುಚ್ಚಳ ತೆಗೆದು ಅಂಗೈ ಹಿಡಿಯಿರಿ. ಬುಸ್ ಬುಸ್ ಅಂತ ಜೋರಾಗಿ ಗಾಳಿ ಬರುತ್ತಿದ್ದರೆ ಪಿಸ್ಟನ್ ರಿಂಗ್‌ಗಳು ಸವೆದಿವೆ, ಇಲ್ಲವೇ ಉಸಿರಾಟದ ಪೈಪ್ ಕಟ್ಟಿದೆ. ಆ ಒತ್ತಡ ಒಳ್ಳೆ ಸೀಲನ್ನೂ ದಾಟಿ ಆಯಿಲ್ ಹೊರಗೆ ತಳ್ಳುತ್ತದೆ. ಪೈಪಾದರೂ ಈಗಲೇ ತೊಳೆದುಬಿಡಿ.

ಸದ್ಯಕ್ಕೆ ಎಂಜಿನ್ ನೆಲದ ಮೇಲಿದೆ ಅಂದಿರಲ್ವಾ? ಫ್ಲೈವೀಲ್ ಬಿಚ್ಚುವ ಮೊದಲು ಪುಲ್ಲಿ ಹಿಡಿದು ಒಂದು ಸಲ ಎಳೆದು ತಳ್ಳಿ ನೋಡಿ. ಆಮೇಲೆ ಹೊರಗೆ ಬಂದ ಶಿಮ್ ಎಷ್ಟು, ಒಂದೊಂದರ ದಪ್ಪ ಎಷ್ಟು, ಫ್ಲೈವೀಲ್ ಒಳಗೆ ಓ-ರಿಂಗ್ ಇತ್ತಾ ಇಲ್ವಾ, ಇಷ್ಟು ಇಲ್ಲೇ ಬರೆಯಿರಿ. ಯಾವ ಶಿಮ್ ತರಿಸಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.